ಹತ್ತು ಡಾಲರ್ ಇಪ್ಪತ್ತಾಗುವ ಲೆಕ್ಕ: ಅಮೆರಿಕದ ಬಡವರ ತಟ್ಟೆಗೆ ಊರಿನ ತರಕಾರಿ ತಲುಪುವುದು ಹೇಗೆ?

ಅಮೆರಿಕದ ಬಡವರ ಊಟದ ಬಗ್ಗೆ 2025ರಿಂದ ಈಚೆಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆ ಗಿರ್ ಎನ್ನುತ್ತದೆ. 2025ರ ಮಾರ್ಚ್‌ನಲ್ಲಿ ಅಲ್ಲಿನ ಕೃಷಿ ಇಲಾಖೆ ಎರಡು ಯೋಜನೆಗಳ ಮುಂದಿನ ಕಂತನ್ನು ರದ್ದು ಮಾಡಿತು. ಹತ್ತಿರದ ರೈತರಿಂದ ಆಹಾರ ಕೊಂಡು ಶಾಲೆಗಳಿಗೂ, ಬಡವರಿಗೆ ಪುಕ್ಕಟೆ ಆಹಾರ ಹಂಚುವ ಫುಡ್ ಬ್ಯಾಂಕ್‌ಗಳಿಗೂ ಕೊಡುವ ಯೋಜನೆಗಳು ಅವು. ಮೊತ್ತ ಸುಮಾರು 100 ಕೋಟಿ ಡಾಲರ್. ಜುಲೈ 4ರಂದು ಅಧ್ಯಕ್ಷರ ಸಹಿ ಬಿದ್ದ ದೊಡ್ಡ ಕಾಯ್ದೆಯಿಂದ ಬಡವರ ಆಹಾರ ನೆರವಿಗೆ ಹತ್ತು ವರ್ಷಗಳಲ್ಲಿ ಸುಮಾರು 18,600 ಕೋಟಿ ಡಾಲರ್ ಖೋತಾ ಆಗುತ್ತದೆ ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಅಂದಾಜು ಮಾಡಿತು. ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಸರ್ಕಾರದ ಕೆಲಸವೇ ನಿಂತಿತ್ತು. ನವೆಂಬರ್ ತಿಂಗಳ ನೆರವು ಹೊತ್ತಿಗೆ ಬರಲಿಲ್ಲ, ವಿಷಯ ಕೋರ್ಟ್ ಮೆಟ್ಟಿಲೇರಿತು. 2026ರ ಜನವರಿ 1ರಿಂದ ಇಂಡಿಯಾನ, ಅಯೋವ, ನೆಬ್ರಾಸ್ಕ, ಯೂಟಾ, ವೆಸ್ಟ್ ವರ್ಜೀನಿಯಾ ರಾಜ್ಯಗಳಲ್ಲಿ ಈ ನೆರವಿನ ಹಣದಿಂದ ಕೂಲ್‌ಡ್ರಿಂಕ್ಸ್ ಕೊಳ್ಳುವಂತಿಲ್ಲ. ಕೆಲವು ಕಡೆ ಮಿಠಾಯಿಯನ್ನೂ ಕೊಳ್ಳುವಂತಿಲ್ಲ.

ಇದೆಲ್ಲ ನಡೆಯುತ್ತಿರುವಾಗಲೇ ದೇಶದ ಅನೇಕ ರೈತ ಸಂತೆಗಳಲ್ಲಿ ಇನ್ನೊಂದು ಬೋರ್ಡ್ ನೇತಾಡುತ್ತಿದೆ. ನೆರವಿನ ಕಾರ್ಡ್ ತನ್ನಿ, 10 ಡಾಲರ್ ಉಜ್ಜಿ, 20 ಡಾಲರ್ ವಹಿವಾಟು ಮಾಡಿ ಎಂದು. ಹೆಚ್ಚುವರಿ ಹತ್ತು ಡಾಲರ್ ಹಣ್ಣು-ತರಕಾರಿಗೆ ಮಾತ್ರ.

ಹಾಗಾದರೆ ಸರ್ಕಾರ ಬಡವರಿಗೆ ತರಕಾರಿ ತಿನ್ನಿಸುತ್ತಿದೆಯಾ, ಇಲ್ಲ ತಟ್ಟೆಯನ್ನೇ ಕಿತ್ತುಕೊಳ್ಳುತ್ತಿದೆಯಾ? ಎರಡೂ ಪೂರ್ತಿ ಸುಳ್ಳಲ್ಲ. ಈ ದುಪ್ಪಟ್ಟು ಯೋಜನೆ ಯಾವುದರ ಮೇಲೆ ನಿಂತಿದೆ ಎಂದು ಗೊತ್ತಾದರೆ ಗೊಂದಲ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಬುಡದಲ್ಲಿ ಇರುವುದು ಒಂದು ಕಾರ್ಡ್

ಅಮೆರಿಕದಲ್ಲಿ ಬಡವರಿಗೆ ಅಕ್ಕಿ-ಗೋಧಿ ತೂಗಿ ಕೊಡುವ ನ್ಯಾಯಬೆಲೆ ಅಂಗಡಿಗಳಿಲ್ಲ. ಅದರ ಬದಲು ಒಂದು ಕಾರ್ಡ್ ಕೊಡುತ್ತಾರೆ. ನೋಡಲು ಬ್ಯಾಂಕಿನ ಡೆಬಿಟ್ ಕಾರ್ಡ್‌ನಂತೆಯೇ. ಪ್ರತಿ ತಿಂಗಳು ಅದಕ್ಕೆ ಹಣ ಬೀಳುತ್ತದೆ. ಆ ಹಣದಿಂದ ಆಹಾರ ಮಾತ್ರ ಕೊಳ್ಳಬಹುದು. ಈ ಯೋಜನೆಯ ಹೆಸರು ಸ್ನ್ಯಾಪ್. 1964ರ ಕಾಯ್ದೆಯಿಂದ ನೆಲೆ ಕಂಡ ಇದನ್ನು 2008ರವರೆಗೆ ಫುಡ್ ಸ್ಟ್ಯಾಂಪ್ ಎನ್ನುತ್ತಿದ್ದರು. ಜನರ ಬಾಯಲ್ಲಿ ಈಗಲೂ ಅದೇ ಹೆಸರು.

2024ರ ಹಣಕಾಸು ವರ್ಷದಲ್ಲಿ ತಿಂಗಳಿಗೆ ಸರಾಸರಿ 4 ಕೋಟಿ 17 ಲಕ್ಷ ಜನ ಈ ನೆರವು ಪಡೆದರು. ಅಂದರೆ ಎಂಟು ಜನರಲ್ಲಿ ಒಬ್ಬರು. ತಲೆಗೆ ಸಿಕ್ಕಿದ್ದು ತಿಂಗಳಿಗೆ ಸುಮಾರು 187 ಡಾಲರ್. ದಿನಕ್ಕೆ ಲೆಕ್ಕ ಹಾಕಿದರೆ ಆರು ಡಾಲರ್ ಚಿಲ್ಲರೆ. ಮೂರು ಹೊತ್ತಿನ ಊಟಕ್ಕೆ ಅಮೆರಿಕದಲ್ಲಿ ಇದು ದೊಡ್ಡ ಮೊತ್ತವೇನಲ್ಲ.

ಈ ಕಾರ್ಡ್‌ನಿಂದ ಮದ್ಯ, ಸಿಗರೇಟ್, ವಿಟಮಿನ್ ಮಾತ್ರೆ, ಬಿಸಿ ಬಿಸಿ ಸಿದ್ಧ ಊಟ ಕೊಳ್ಳುವಂತಿಲ್ಲ. ಕೂಲ್‌ಡ್ರಿಂಕ್ಸ್ ನಿಷೇಧದಂಥ ನಿಯಮ ಬಂದ ರಾಜ್ಯಗಳನ್ನು ಬಿಟ್ಟರೆ, ಮಿಕ್ಕ ಆಹಾರ ಪದಾರ್ಥ ಏನು ಬೇಕಾದರೂ ಕೊಳ್ಳಬಹುದು. ತರಕಾರಿ ಬೀಜ, ಸಸಿಯನ್ನೂ ಕೊಳ್ಳಬಹುದು ಎಂಬುದು ಅಲ್ಲಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ದುಪ್ಪಟ್ಟು ಆಗುವುದು ಹೀಗೆ

ಸಂತೆಯ ಬಾಗಿಲಲ್ಲಿ ಒಂದು ಮಾಹಿತಿ ಕೌಂಟರ್ ಇರುತ್ತದೆ. ಕಾರ್ಡ್ ಇರುವವರು ಅಲ್ಲಿ ಹೋಗಿ 10 ಡಾಲರ್ ಉಜ್ಜಿಸುತ್ತಾರೆ. ಅವರಿಗೆ 10 ಡಾಲರ್ ಬೆಲೆಯ ಟೋಕನ್ ಸಿಗುತ್ತದೆ. ಜೊತೆಗೆ ಬೇರೆ ಬಣ್ಣದ, ಇನ್ನೂ 10 ಡಾಲರ್ ಟೋಕನ್. ಮೊದಲನೆಯದರಲ್ಲಿ ಬ್ರೆಡ್, ಮೊಟ್ಟೆ, ಮಾಂಸ, ಜೇನು ಏನಾದರೂ ಕೊಳ್ಳಬಹುದು. ಎರಡನೆಯದು ಹಣ್ಣು-ತರಕಾರಿಗೆ ಮಾತ್ರ. ರೈತ ಎರಡೂ ಟೋಕನ್ ತೆಗೆದುಕೊಂಡು ಸಂತೆಯವರಿಂದ ಪೂರ್ತಿ ದುಡ್ಡು ಪಡೆಯುತ್ತಾನೆ. ಅವನಿಗೆ ಒಂದು ಸೆಂಟ್‌ನಷ್ಟೂ ರಿಯಾಯಿತಿ ಕೊಟ್ಟ ನಷ್ಟವಿಲ್ಲ. ಎಷ್ಟೋ ಕಡೆ ದಿನಕ್ಕೆ ಇಷ್ಟೇ ಎಂಬ ಮಿತಿ ಇರುತ್ತದೆ. ಕೆಲವು ರಾಜ್ಯಗಳಲ್ಲಿ ದಿನಸಿ ಅಂಗಡಿಗಳಲ್ಲೂ ಇದೇ ಸೌಲಭ್ಯ ಇದೆ. ಅಲ್ಲಿ ಟೋಕನ್ ಬದಲು ಬಿಲ್‌ನಲ್ಲೇ ಕಡಿತ.

ಹೆಚ್ಚುವರಿ ಹತ್ತು ಡಾಲರ್ ಬರುವುದು ಎಲ್ಲಿಂದ? ದೊಡ್ಡ ಪಾಲು ಗಸ್‌ನಿಪ್ ಎಂಬ ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಅನುದಾನದಿಂದ. 2014ರ ಕೃಷಿ ಕಾಯ್ದೆಯಲ್ಲಿ ಐದು ವರ್ಷಕ್ಕೆ 10 ಕೋಟಿ ಡಾಲರ್ ಇಟ್ಟು ಇದನ್ನು ಶುರು ಮಾಡಿದರು. 2018ರ ಕಾಯ್ದೆ ಅದನ್ನು 25 ಕೋಟಿಗೆ ಏರಿಸಿತು. ಜೊತೆಗೆ ಗಸ್ ಶುಮಾಕರ್ ಅವರ ಹೆಸರಿಟ್ಟಿತು. ಮ್ಯಾಸಚೂಸೆಟ್ಸ್ ರಾಜ್ಯದ ಕೃಷಿ ಆಯುಕ್ತರಾಗಿದ್ದ ಅವರು ಸಣ್ಣ ರೈತ ಮತ್ತು ಬಡ ಗಿರಾಕಿಯನ್ನು ಒಂದೇ ಸಂತೆಯಲ್ಲಿ ಕೂಡಿಸಲು ಜೀವನವಿಡೀ ದುಡಿದರು, 2017ರಲ್ಲಿ ತೀರಿಕೊಂಡರು.

ಇಲ್ಲೊಂದು ಷರತ್ತು ಇದೆ. ಲೇಖನದ ಕೊನೆಗೆ ಅದೇ ಮುಖ್ಯವಾಗುತ್ತದೆ, ಆದ್ದರಿಂದ ನೆನಪಿಡಿ. ಗಸ್‌ನಿಪ್‌ನ ದುಪ್ಪಟ್ಟು ಅನುದಾನ ಬೇಕಾದರೆ ಅರ್ಜಿ ಹಾಕುವ ಸಂಸ್ಥೆ ಅಷ್ಟೇ ಮೊತ್ತವನ್ನು ಬೇರೆ ಕಡೆಯಿಂದ ತರಬೇಕು. ರಾಜ್ಯ ಸರ್ಕಾರ, ನಗರಸಭೆ, ದಾನಿಗಳು, ಪ್ರತಿಷ್ಠಾನಗಳು, ಯಾರಾದರೂ ಆಗಬಹುದು. ಫೆಡರಲ್ ಹಣ ಮಾತ್ರ ಆಗುವಂತಿಲ್ಲ.

ಕಾರ್ಡ್ ಬಂತು, ಸಂತೆ ಸೋತಿತು

ಇಷ್ಟೆಲ್ಲ ಸರ್ಕಸ್ ಯಾಕೆ ಬೇಕಾಯಿತು ಎಂಬುದಕ್ಕೆ ಒಂದು ಹಳೆ ಕತೆ ಇದೆ. ಫುಡ್ ಸ್ಟ್ಯಾಂಪ್ ಕಾಗದದ ಕೂಪನ್ ಆಗಿದ್ದಾಗ ಅದನ್ನು ಸಂತೆಯ ರೈತನೂ ತೆಗೆದುಕೊಳ್ಳುತ್ತಿದ್ದ. ಕೂಪನ್ ಕೈಗೆ ಬಂತು, ತರಕಾರಿ ಚೀಲಕ್ಕೆ ಹೋಯಿತು, ಅಷ್ಟೇ. 1990ರ ದಶಕದಲ್ಲಿ ಕಾರ್ಡ್ ಬರತೊಡಗಿತು. 2004ರ ಹೊತ್ತಿಗೆ ದೇಶದಾದ್ಯಂತ ಕಾಗದ ಹೋಗಿ ಕಾರ್ಡೇ ಆಯಿತು. ಕಳ್ಳತನ, ಮರುಮಾರಾಟ ತಡೆಯಲು ಅದು ಒಳ್ಳೆಯದೇ. ಆದರೆ ಕಾರ್ಡ್ ಓದಲು ಯಂತ್ರ ಬೇಕು. ಯಂತ್ರಕ್ಕೆ ಕರೆಂಟು, ಫೋನ್ ಲೈನ್ ಬೇಕು. ಪಾರ್ಕಿಂಗ್ ಜಾಗದಲ್ಲಿ ಶನಿವಾರ ನಾಲ್ಕು ಗಂಟೆ ನಡೆಯುವ ಸಂತೆಯಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಸೂಪರ್‌ಮಾರ್ಕೆಟ್‌ಗಳಿಗೆ ಇದರಿಂದ ಅಷ್ಟಾಗಿ ತೊಂದರೆಯಾಗಲಿಲ್ಲ. ರೈತ ಸಂತೆಗಳು ಮಾತ್ರ ಬಡ ಗಿರಾಕಿಗಳನ್ನು ಕಳೆದುಕೊಂಡವು.

ಅದಕ್ಕೆ ಕಂಡುಕೊಂಡ ದಾರಿಯೇ ಇಡೀ ಸಂತೆಗೆ ಒಂದೇ ಯಂತ್ರ ಮತ್ತು ಟೋಕನ್. ಈ ಏರ್ಪಾಡು ಎಷ್ಟು ನಾಜೂಕು ಎಂಬುದು 2018ರ ಜುಲೈನಲ್ಲಿ ಗೊತ್ತಾಯಿತು. ಸುಮಾರು 1,700 ಸಂತೆಗಳಿಗೆ ಕಾರ್ಡ್ ಓದುವ ಸಾಫ್ಟ್‌ವೇರ್ ಕೊಡುತ್ತಿದ್ದ ಒಂದೇ ಒಂದು ಕಂಪನಿ ಬಾಗಿಲು ಹಾಕುತ್ತೇನೆ ಎಂದಿತು. ಅದೂ ಸಂತೆಯ ಸುಗ್ಗಿಯ ಕಾಲದಲ್ಲಿ. ಓಡಾಡಿ ತಾತ್ಕಾಲಿಕ ವ್ಯವಸ್ಥೆ ಮಾಡಬೇಕಾಯಿತು.

ಯಂತ್ರ ಬಂದ ಮೇಲೂ ಜನ ತಾವಾಗಿ ಬರಲಿಲ್ಲ. ಸಂತೆ ಎಂದರೆ ಉಳ್ಳವರ ಜಾಗ, ಅಲ್ಲಿ ಎಲ್ಲ ದುಬಾರಿ ಎಂಬ ಭಾವನೆ ಗಟ್ಟಿಯಾಗಿತ್ತು. ಕರೆಯಲು ಒಂದು ಕಾರಣ ಬೇಕಿತ್ತು. ನ್ಯೂಯಾರ್ಕ್ ನಗರ 2005ರಲ್ಲೇ ತರಕಾರಿ ಕೂಪನ್ ಹಂಚಲು ಶುರು ಮಾಡಿತ್ತು. 2009ರಲ್ಲಿ ಡೆಟ್ರಾಯಿಟ್ ನಗರದ ಐದು ಸಂತೆಗಳಲ್ಲಿ ‘ಡಬಲ್ ಅಪ್ ಫುಡ್ ಬಕ್ಸ್’ ಶುರುವಾಯಿತು. ಅದನ್ನು ನಡೆಸಿದ್ದು ಫೇರ್ ಫುಡ್ ನೆಟ್‌ವರ್ಕ್ ಎಂಬ ಸಂಸ್ಥೆ. ಮುಂದೆ ಬೇರೆ ರಾಜ್ಯಗಳು ಅದೇ ಮಾದರಿ ಹಿಡಿದವು.

ಕೈ ಬಿಗಿಯಾದಾಗ ತರಕಾರಿಯೇ ಮೊದಲು ಹೋಗುವುದು ಯಾಕೆ?

ಬಡವರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಚಿಪ್ಸ್ ತಿನ್ನುತ್ತಾರೆ ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ಸುಮ್ನೆ ಹಾಗೆ ಹೇಳಿಬಿಡುವುದು ಸುಲಭ. ನಿಜಕ್ಕೂ ತರಕಾರಿ ತಿನ್ನದಿರುವುದು ಬಡವರ ಚಾಳಿ ಮಾತ್ರವೂ ಅಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2019ರ ಲೆಕ್ಕದಲ್ಲಿ ಸಾಕಷ್ಟು ತರಕಾರಿ ತಿನ್ನುವ ವಯಸ್ಕರು ಶೇ 10 ಮಾತ್ರ. ಹಣ್ಣಿನಲ್ಲಿ ಶೇ 12.3. ದುಡ್ಡಿದ್ದವರ ಮನೆಯಲ್ಲೂ ಪರಿಸ್ಥಿತಿ ಹೇಳಿಕೊಳ್ಳುವಂತಿಲ್ಲ, ಅಲ್ವಾ?

ಬಡ ಮನೆಯಲ್ಲಿ ಇದಕ್ಕೆ ಇನ್ನೆರಡು ಲೆಕ್ಕ ಸೇರುತ್ತವೆ. ಒಂದು, ಹೊಟ್ಟೆ ತುಂಬುವ ಲೆಕ್ಕ. ಒಂದು ಡಾಲರಿಗೆ ಸಿಗುವ ಪಾಸ್ತಾ, ಬ್ರೆಡ್, ಎಣ್ಣೆಯಲ್ಲಿ ಇರುವ ಕ್ಯಾಲೊರಿ, ಅದೇ ಡಾಲರಿಗೆ ಸಿಗುವ ಸೊಪ್ಪು, ಸ್ಟ್ರಾಬೆರಿಯಲ್ಲಿ ಇರುವುದಿಲ್ಲ. ಹಸಿವು ಎದುರಿಗಿರುವಾಗ ವಿಟಮಿನ್ ಹಿಂದಕ್ಕೆ ಸರಿಯುತ್ತದೆ. ಎರಡನೆಯದು, ಹಾಳಾಗುವ ಭಯ. ಸೊಪ್ಪು ಎರಡು ದಿನಕ್ಕೆ ಬಾಡುತ್ತದೆ. ಮಕ್ಕಳು ಮೂತಿ ತಿರುಗಿಸಿದರೆ ಆ ದುಡ್ಡು ಕಸದ ಬುಟ್ಟಿಗೆ. ಸಂಬಳ ಚೆನ್ನಾಗಿರುವ ತಾಯಿ ‘ಹೋಗಲಿ, ಇನ್ನೊಮ್ಮೆ ಮಾಡಿ ನೋಡೋಣ’ ಎನ್ನಬಹುದು. ದಿನಕ್ಕೆ ಆರು ಡಾಲರಿನಲ್ಲಿ ಮನೆ ನಡೆಸುವವಳಿಗೆ ಆ ಪ್ರಯೋಗದ ಖರ್ಚು ಕೈಗೆಟುಕುವುದಿಲ್ಲ. ಮಕ್ಕಳು ಖಂಡಿತ ತಿನ್ನುವುದನ್ನೇ ಅವಳು ಕೊಳ್ಳುತ್ತಾಳೆ.

ದುಪ್ಪಟ್ಟು ಟೋಕನ್ನಿನ ನಿಜವಾದ ಬಲ ಇರುವುದು ಇಲ್ಲೇ. ಅದು ಬೆಲೆಯನ್ನು ಇಳಿಸುತ್ತದೆ, ಸರಿ. ಜೊತೆಗೆ ಹಾಳಾಗುವ ಭಯವನ್ನೂ ಅರ್ಧ ಮಾಡುತ್ತದೆ. ಎರಡನೇ ಹತ್ತು ಡಾಲರ್ ತರಕಾರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಆಗುವುದಿಲ್ಲ. ಹಾಗಾಗಿ ಅದರಲ್ಲಿ ಹೊಸ ಸೊಪ್ಪೊಂದನ್ನು ಕೊಂಡು ಮಕ್ಕಳಿಗೆ ಹಿಡಿಸದೆ ಹೋದರೂ ಬ್ರೆಡ್ಡಿನ ದುಡ್ಡಿಗೆ ಕತ್ತರಿ ಬೀಳಲಿಲ್ಲ. ದುಪ್ಪಟ್ಟು ಯೋಜನೆಯನ್ನು ಬರೀ ರಿಯಾಯಿತಿ ಎಂದು ನೋಡುವವರು ಇದನ್ನು ಗಮನಿಸುವುದಿಲ್ಲ.

ಪರೀಕ್ಷೆ ಮಾಡಿ ನೋಡಿದಾಗ

ಇಂಥ ಮಾತುಗಳಿಗೆ ಪುರಾವೆ ಇದೆಯಾ? ಇದೆ. ಮ್ಯಾಸಚೂಸೆಟ್ಸ್‌ನ ಹ್ಯಾಂಪ್ಡನ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂತೆ) 2011ರ ನವೆಂಬರ್‌ನಿಂದ 2012ರ ಡಿಸೆಂಬರ್‌ವರೆಗೆ ಕೃಷಿ ಇಲಾಖೆಯೇ ಒಂದು ಪ್ರಯೋಗ ನಡೆಸಿತು. ಕಾರ್ಡ್ ಇರುವ 7,500 ಕುಟುಂಬಗಳನ್ನು ಚೀಟಿ ಎತ್ತಿದಂತೆ ಆರಿಸಿದರು. ಅವರು ಹಣ್ಣು-ತರಕಾರಿಗೆ ಖರ್ಚು ಮಾಡುವ ಪ್ರತಿ ಡಾಲರಿಗೆ 30 ಸೆಂಟ್ ವಾಪಸ್ ಕಾರ್ಡಿಗೇ ಬೀಳುತ್ತಿತ್ತು. ಮಿಕ್ಕವರಿಗೆ ಇಲ್ಲ. ಕೊನೆಗೆ ಎರಡೂ ಗುಂಪುಗಳನ್ನು ಹೋಲಿಸಿದರು. ವಾಪಸ್ ಹಣ ಪಡೆದವರು ಯೋಜನೆಯಲ್ಲಿ ಸೇರಿದ್ದ ಹಣ್ಣು-ತರಕಾರಿಗಳನ್ನು ದಿನಕ್ಕೆ ಸುಮಾರು ಕಾಲು ಕಪ್ ಜಾಸ್ತಿ ತಿಂದಿದ್ದರು. ಅಂದರೆ ಶೇ 26ರಷ್ಟು ಹೆಚ್ಚು.

ಕಾಲು ಕಪ್ ಎಂದರೆ ಮೂಗು ಮುರಿಯಬಹುದು. ಆದರೆ ಒಂದು ಕುಟುಂಬಕ್ಕೆ ತಿಂಗಳಿಗೆ ವಾಪಸ್ ಬಂದ ಹಣ ಸರಾಸರಿ ನಾಲ್ಕು ಡಾಲರ್ ಕೂಡ ಇರಲಿಲ್ಲ. ಆ ಖರ್ಚಿಗೆ ಈ ಫಲ ಕಡಿಮೆಯೇನಲ್ಲ. ಬೆಲೆ ಮತ್ತು ಬೇಡಿಕೆ ಬಗೆಗಿನ ಹಳೆಯ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಲೆಕ್ಕಗಳನ್ನೆಲ್ಲ ಒಟ್ಟು ಮಾಡಿದ 2010ರ ಒಂದು ವಿಮರ್ಶೆಯ ಪ್ರಕಾರ ಬೆಲೆ ಶೇ 10 ಇಳಿದರೆ ಹಣ್ಣಿನ ಖರೀದಿ ಸುಮಾರು ಶೇ 7, ತರಕಾರಿಯದು ಸುಮಾರು ಶೇ 6 ಏರುತ್ತದೆ.

ಅಂಗಡಿ ಹತ್ತಿರ ತಂದರೆ ಸಾಕು ಎಂಬ ವಾದ ಮಾತ್ರ ಇಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಬಡವರ ಬಡಾವಣೆಯಲ್ಲಿ ಸೂಪರ್‌ಮಾರ್ಕೆಟ್ ಇಲ್ಲ, ಅದಕ್ಕೇ ತರಕಾರಿ ತಿನ್ನುವುದಿಲ್ಲ ಎಂದು ಬಹಳ ವರ್ಷ ನಂಬಲಾಗಿತ್ತು. 2019ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ದೊಡ್ಡ ಅಧ್ಯಯನವೊಂದು ಬೇರೆಯದನ್ನೇ ಕಂಡಿತು. ಉಳ್ಳವರಿಗೆ ಸಿಗುವ ಅದೇ ಸಾಮಾನು, ಅದೇ ಬೆಲೆಗೆ ಬಡವರಿಗೆ ಸಿಕ್ಕರೂ ಪೌಷ್ಟಿಕತೆಯ ಅಂತರದಲ್ಲಿ ಶೇ 10 ಮಾತ್ರ ಕಡಿಮೆಯಾಗುತ್ತದೆ ಎಂದಿತು. ಮಿಕ್ಕಿದ್ದು ಯಾರು ಏನು ಕೊಳ್ಳಲು ಬಯಸುತ್ತಾರೆ ಎಂಬುದರ ಮೇಲೆ ನಿಂತಿದೆ. ಆ ಬಯಕೆಯ ಹಿಂದೆ ಆದಾಯ, ರೂಢಿ, ಸಮಯ, ಅಡುಗೆಮನೆಯ ಸೌಕರ್ಯ ಎಲ್ಲ ಇವೆ. ದುಪ್ಪಟ್ಟು ಯೋಜನೆಯವರೂ ಈ ಮಾತನ್ನು ತಲೆಯಲ್ಲಿಟ್ಟುಕೊಳ್ಳಬೇಕು. ಟೋಕನ್ ಒಂದರಿಂದಲೇ ಎಲ್ಲ ಬದಲಾಗದು.

‘ಊರಿನದೇ ಆಗಬೇಕು’ ಎಂಬ ಷರತ್ತು

ಜಗಳ ಜೋರಾಗಿರುವುದು ಇಲ್ಲಿ. ಬಡವರು ತರಕಾರಿ ತಿನ್ನಬೇಕು ಎಂಬುದೇ ಗುರಿಯಾದರೆ ಅದು ಪಕ್ಕದ ಹೊಲದಿಂದಲೇ ಯಾಕೆ ಬರಬೇಕು? ಫ್ರೀಜ್ ಮಾಡಿದ ಬಟಾಣಿ, ಪಾಲಕ್ ಸೂಪರ್‌ಮಾರ್ಕೆಟ್‌ನಲ್ಲಿ ವರ್ಷವಿಡೀ ಸಿಗುತ್ತವೆ. ಪೌಷ್ಟಿಕಾಂಶದಲ್ಲಿ ತಾಜಾ ತರಕಾರಿಗೆ ಹೆಚ್ಚು ಕಡಿಮೆ ಸಮ. ಹಾಳಾಗುವ ಭಯವೂ ಇಲ್ಲ. ಸಂತೆ ವಾರಕ್ಕೊಮ್ಮೆ, ಅದೂ ಬೇಸಿಗೆಯ ಕೆಲವು ತಿಂಗಳು. ಶನಿವಾರ ಬೆಳಿಗ್ಗೆ ಶಿಫ್ಟ್ ಇರುವವರಿಗೆ ಅದು ಇದ್ದೂ ಇಲ್ಲದಂತೆ. ಒಟ್ಟು ಸ್ನ್ಯಾಪ್ ಖರ್ಚಿನಲ್ಲಿ ರೈತ ಸಂತೆಗಳ ಪಾಲು ಶೇ 1ಕ್ಕಿಂತ ತೀರಾ ಕಡಿಮೆ. ಇಷ್ಟು ಸಣ್ಣ ಬಾಗಿಲಿನಿಂದ ಎಷ್ಟು ಜನ ಒಳಗೆ ಬರಬಹುದು ಎಂಬುದು ಟೀಕಾಕಾರರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಊರಿನದು ಎಂದರೆ ಎಷ್ಟು ದೂರ ಎಂಬುದರಲ್ಲೂ ಒಂದು ತಮಾಷೆ ಇದೆ. 2008ರ ಕೃಷಿ ಕಾಯ್ದೆಯ ಪ್ರಕಾರ ಬೆಳೆದ ಜಾಗದಿಂದ 400 ಮೈಲಿ ಒಳಗೆ ಮಾರಿದರೆ ಅಥವಾ ಅದೇ ರಾಜ್ಯದಲ್ಲಿ ಮಾರಿದರೆ ಅದು ಸ್ಥಳೀಯ ಆಹಾರ. 400 ಮೈಲಿ ಎಂದರೆ ಸುಮಾರು 640 ಕಿಲೋಮೀಟರ್. ಲಾರಿಯಲ್ಲಿ ಹೋದರೆ ಇಡೀ ದಿನ ಹಿಡಿಯುವ ದೂರ!

ಇನ್ನೊಂದು ಕಡೆಯ ವಾದ ಹೀಗಿದೆ. ಸರ್ಕಾರ ಹೇಗೂ ಒಂದು ಡಾಲರ್ ಖರ್ಚು ಮಾಡುತ್ತದೆ. ಅದು ದೊಡ್ಡ ಸರಪಳಿ ಅಂಗಡಿಗೆ ಹೋದರೆ ಅದರಲ್ಲಿ ಬೆಳೆದವನಿಗೆ ಸೇರುವುದು ಸಣ್ಣ ಪಾಲು. ಪ್ಯಾಕಿಂಗ್, ಸಾಗಣೆ, ಗೋದಾಮು, ಜಾಹೀರಾತು ಎಲ್ಲ ನಡುವೆ ಪಾಲು ತೆಗೆದುಕೊಳ್ಳುತ್ತವೆ. ಸಂತೆಯಲ್ಲಾದರೆ ಡಾಲರ್ ನೇರವಾಗಿ ರೈತನ ಕೈಗೆ. ಒಂದೇ ಹಣದಲ್ಲಿ ಎರಡು ಕೆಲಸ. 2022ರ ಕೃಷಿ ಗಣತಿಯ ಪ್ರಕಾರ ಅಮೆರಿಕದ ರೈತರು ಗಿರಾಕಿಗಳಿಗೆ ನೇರವಾಗಿ ಮಾರಿದ ಆಹಾರ 330 ಕೋಟಿ ಡಾಲರ್. ಆ ದೇಶದ ಕೃಷಿಯ ಲೆಕ್ಕದಲ್ಲಿ ಇದು ಚೂರು. ಆದರೆ ಹೀಗೆ ಮಾರುವ ಒಂದು ಲಕ್ಷಕ್ಕೂ ಹೆಚ್ಚು ಜಮೀನುಗಳಲ್ಲಿ ಬಹಳಷ್ಟು ಸಣ್ಣವು. ವಾರಕ್ಕೆ ಹತ್ತಿಪ್ಪತ್ತು ಹೊಸ ಗಿರಾಕಿಗಳು ಸಿಕ್ಕರೂ ಅವರಿಗೆ ಅದು ದೊಡ್ಡ ವ್ಯತ್ಯಾಸ.

ನನ್ನ ಅಭಿಪ್ರಾಯದಲ್ಲಿ ಎರಡೂ ಕಡೆಯವರು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ. ಬಡವರ ತಟ್ಟೆಯೊಂದೇ ಗುರಿಯಾದರೆ ದುಪ್ಪಟ್ಟು ಸೌಲಭ್ಯ ಎಲ್ಲ ದಿನಸಿ ಅಂಗಡಿಗೂ, ಫ್ರೀಜ್ ಮಾಡಿದ ತರಕಾರಿಗೂ ಹೋಗಬೇಕು. ಸಣ್ಣ ರೈತನೂ ಗುರಿಯಾದರೆ ಸ್ವಲ್ಪ ಅನನುಕೂಲವನ್ನು ಒಪ್ಪಿಕೊಳ್ಳಬೇಕು. ಆದರೆ ಆ ಅನನುಕೂಲದ ಭಾರ ಹೊರುವವರು ಯಾರು? ಎರಡು ಬಸ್ ಹಿಡಿದು ಸಂತೆಗೆ ಬರುವ ಬಡ ಗಿರಾಕಿ. ಈ ಮಾತನ್ನು ಸ್ಥಳೀಯ ಆಹಾರದ ಪ್ರೇಮಿಗಳು ಅಷ್ಟಾಗಿ ಎತ್ತುವುದಿಲ್ಲ.

ರದ್ದಾದ ಆ 100 ಕೋಟಿ ಡಾಲರ್ ಯೋಜನೆಗಳು ಈ ಭಾರವನ್ನೇ ತಪ್ಪಿಸುತ್ತಿದ್ದವು. ಅಲ್ಲಿ ಬಡವರು ಸಂತೆಗೆ ಹೋಗಬೇಕಿರಲಿಲ್ಲ. ರಾಜ್ಯವೇ ರೈತನಿಂದ ಕೊಂಡು ಫುಡ್ ಬ್ಯಾಂಕ್‌ಗೂ ಶಾಲೆಗೂ ತಲುಪಿಸುತ್ತಿತ್ತು. ರೈತನಿಗೆ ಮುಂಗಡವಾಗಿ ಗೊತ್ತಾದ ಗಿರಾಕಿ, ಬಡವನಿಗೆ ಹೊತ್ತಿಗೆ ತರಕಾರಿ. ಕೋವಿಡ್ ಕಾಲದಲ್ಲಿ ಹುಟ್ಟಿದ ಯೋಜನೆ, ಆ ಕಾಲ ಮುಗಿಯಿತು ಎಂಬುದು ಸರ್ಕಾರದ ಸಮರ್ಥನೆ. ಆದರೆ ಖರೀದಿ ಇರುತ್ತದೆಂದು ನಂಬಿ ರೈತರು ಬಿತ್ತನೆಯ ಯೋಜನೆ ಹಾಕಿಕೊಳ್ಳುವ ಹೊತ್ತಿನಲ್ಲೇ ಅದು ನಿಂತಿತು. ಹಾಗಾಗಿ ಈಗ ಉಳಿದ ದೊಡ್ಡ ದಾರಿ ಕಾರ್ಡ್-ಟೋಕನ್‌ನದೇ.

ತಡೆಯುವುದೋ, ಉತ್ತೇಜಿಸುವುದೋ, ಸುಮ್ಮನೆ ಹಣ ಕೊಡುವುದೋ

ಐದು ರಾಜ್ಯಗಳಲ್ಲಿ ಬಂದ ಕೂಲ್‌ಡ್ರಿಂಕ್ಸ್ ನಿಷೇಧದ ತರ್ಕ ಸರಳ. ಜನರ ತೆರಿಗೆ ಹಣದಿಂದ ಸಕ್ಕರೆ ನೀರು ಕೊಳ್ಳಬಾರದು. ನೆಬ್ರಾಸ್ಕಗೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2025ರ ಮೇ ತಿಂಗಳಲ್ಲಿ, ಎಲ್ಲರಿಗಿಂತ ಮೊದಲು. ವಿರೋಧಿಸುವವರು ಹೇಳುವುದೇನೆಂದರೆ, ಬಹಳಷ್ಟು ಕುಟುಂಬಗಳು ಕಾರ್ಡ್ ಜೊತೆಗೆ ಸ್ವಂತ ದುಡ್ಡನ್ನೂ ಊಟಕ್ಕೆ ಹಾಕುತ್ತವೆ. ಸೋಡಾವನ್ನು ಸ್ವಂತ ದುಡ್ಡಿನಿಂದ ಕೊಂಡು, ಬ್ರೆಡ್ಡನ್ನು ಕಾರ್ಡಿನಿಂದ ಕೊಂಡರೆ ನಿಷೇಧ ಬಿಲ್‌ನಲ್ಲಿ ಮಾತ್ರ ಕಾಣಿಸುತ್ತದೆ. ತಟ್ಟೆಯಲ್ಲಿ ಬದಲಾವಣೆ ಕಾಣುವುದಿಲ್ಲ. ಇನ್ನು ಯಾವುದು ಮಿಠಾಯಿ, ಯಾವುದು ತಿಂಡಿ ಎಂದು ತೀರ್ಮಾನಿಸುವ ತಲೆನೋವು ಸಣ್ಣ ಅಂಗಡಿಯವನಿಗೆ.

ಮೂರನೆಯ ಗುಂಪು ನಗದು ಕೊಡಿ ಎನ್ನುತ್ತದೆ. ಟೋಕನ್ ಎಂದರೆ ನಿರ್ವಹಣೆಯ ಖರ್ಚು. ಎಣಿಸಬೇಕು, ಲೆಕ್ಕ ಇಡಬೇಕು, ಅನುದಾನಕ್ಕೆ ವರದಿ ಬರೆಯಬೇಕು. ಜೊತೆಗೆ ಕೈಯಲ್ಲಿ ಬಣ್ಣದ ಬಿಲ್ಲೆ ಹಿಡಿದು ನಿಂತವರು ಬಡವರೆಂದು ಇಡೀ ಸಂತೆಗೆ ಗೊತ್ತಾಗುತ್ತದೆ. ಆ ಹಣವನ್ನೇ ಕಾರ್ಡಿಗೆ ಸೇರಿಸಿದರೆ ಸಾಲದೇ? ಮರ್ಯಾದೆಯ ಪ್ರಶ್ನೆಯಲ್ಲಿ ಈ ವಾದ ಗೆಲ್ಲುತ್ತದೆ. ತರಕಾರಿಯ ಪ್ರಶ್ನೆಯಲ್ಲಿ ಅಷ್ಟಾಗಿ ಗೆಲ್ಲುವುದಿಲ್ಲ. ಕೈಗೆ ಹತ್ತು ಡಾಲರ್ ಜಾಸ್ತಿ ಬಂದರೆ ಜನ ಅದನ್ನು ಎಲ್ಲದಕ್ಕೂ ಹಂಚುತ್ತಾರೆ. ತರಕಾರಿಗೆ ಹೋಗುವುದು ಅದರ ಒಂದು ತುಣುಕು.

ನಡುವಿನ ದಾರಿಯೂ ಇದೆ. ಗರ್ಭಿಣಿ, ಬಾಣಂತಿ ಮತ್ತು ಐದು ವರ್ಷದೊಳಗಿನ ಮಕ್ಕಳಿಗಾಗಿ ಇರುವ ವಿಕ್ ಯೋಜನೆಯಲ್ಲಿ ಹಣ್ಣು-ತರಕಾರಿಗೆಂದೇ ತಿಂಗಳಿಗೆ ಇಷ್ಟು ಎಂದು ಬೇರೆ ಇಡುತ್ತಾರೆ. 2021ಕ್ಕೆ ಮೊದಲು ಅದು ಮಗುವಿಗೆ ತಿಂಗಳಿಗೆ 9 ಡಾಲರ್ ಇತ್ತು. 2024ರಲ್ಲಿ 26 ಡಾಲರ್ ಆಯಿತು. ಇಲ್ಲಿ ‘ಮೊದಲು ನೀನು ಹತ್ತು ಖರ್ಚು ಮಾಡು, ಆಮೇಲೆ ನಾನು ಹತ್ತು ಕೊಡುತ್ತೇನೆ’ ಎಂಬ ಷರತ್ತಿಲ್ಲ. ಕಡು ಬಡವರಿಗೆ ಆ ಮೊದಲ ಹತ್ತೇ ಕಷ್ಟ ಎಂಬುದನ್ನು ನೆನೆದರೆ ಇದು ಸಣ್ಣ ವ್ಯತ್ಯಾಸವಲ್ಲ. ಸ್ನ್ಯಾಪ್ ಹಣದ ಮುಕ್ಕಾಲು ಭಾಗಕ್ಕೂ ಹೆಚ್ಚು, ಕಾರ್ಡಿಗೆ ಬಿದ್ದ ಮೊದಲ ಎರಡು ವಾರದಲ್ಲೇ ಖರ್ಚಾಗಿಬಿಡುತ್ತದೆ. ಅದಾದ ಮೇಲಿನ ಶನಿವಾರ ಸಂತೆಗೆ ಬಂದವರಲ್ಲಿ ಎಷ್ಟೋ ಜನರ ಕಾರ್ಡ್ ಖಾಲಿ. ಖಾಲಿ ಕಾರ್ಡಿಗೆ ದುಪ್ಪಟ್ಟು ಎಂದರೆ ಅದೂ ಸೊನ್ನೆಯೇ.

ಜನ ಬಂದರೂ ಕಷ್ಟ

ಯೋಜನೆ ಸೋತರೆ ನಿಲ್ಲಿಸುತ್ತಾರೆ. ಗೆದ್ದರೂ ನಿಲ್ಲಿಸಬೇಕಾಗಿ ಬರುತ್ತದೆ ಎಂಬುದಕ್ಕೆ ಮ್ಯಾಸಚೂಸೆಟ್ಸ್ ಉದಾಹರಣೆ. 2017ರಲ್ಲಿ ಆ ರಾಜ್ಯ ಟೋಕನ್ ಕಿರಿಕಿರಿಯನ್ನೇ ತೆಗೆದುಹಾಕಿತು. ನೋಂದಾಯಿತ ರೈತನಿಂದ ತರಕಾರಿ ಕೊಂಡ ತಕ್ಷಣ ಅಷ್ಟೂ ಹಣ ಕಾರ್ಡಿಗೆ ವಾಪಸ್. ಕುಟುಂಬದ ಗಾತ್ರ ನೋಡಿ ತಿಂಗಳಿಗೆ 40, 60, 80 ಡಾಲರ್ ಮಿತಿ. ಯಾರಿಗೂ ಬಣ್ಣದ ಬಿಲ್ಲೆ ತೋರಿಸಬೇಕಿಲ್ಲ. ಜನ ಮುಗಿಬಿದ್ದರು. ಹಣ ಅಂದಾಜಿಗಿಂತ ಬೇಗ ಕರಗಿತು. 2018ರ ಏಪ್ರಿಲ್‌ನಲ್ಲಿ ಯೋಜನೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. 2024ರ ಡಿಸೆಂಬರ್‌ನಲ್ಲಿ ಮತ್ತೆ ಹಣ ಸಾಲದೆ ಎಲ್ಲ ಕುಟುಂಬಗಳ ಮಿತಿಯನ್ನೂ 20 ಡಾಲರಿಗೆ ಇಳಿಸಿದರು.

ಸ್ನ್ಯಾಪ್‌ಗೂ ಇದಕ್ಕೂ ಇರುವ ವ್ಯತ್ಯಾಸವೇ ಇದರ ಕಾರಣ. ಸ್ನ್ಯಾಪ್ ಹಕ್ಕಿನ ಯೋಜನೆ. ಅರ್ಹರು ಎಷ್ಟೇ ಜನ ಬಂದರೂ ಕೊಡಲೇಬೇಕು. ದುಪ್ಪಟ್ಟು ಯೋಜನೆ ಅನುದಾನದ್ದು. ಡಬ್ಬಿ ಖಾಲಿಯಾದರೆ ಮುಗಿಯಿತು. ಅದನ್ನು ನಂಬಿ ಇನ್ನೆರಡು ಎಕರೆ ತರಕಾರಿ ಹಾಕಿದ ರೈತನಿಗೆ ಇದರಿಂದ ಆಗುವ ಪೆಟ್ಟನ್ನು ಊಹಿಸಬಹುದು. ಎರಡು ಸಲ ಹೀಗಾದರೆ ಮೂರನೇ ಸಲ ಅವನು ನಂಬುವುದಿಲ್ಲ.

ಈಗಿನ ಕಡಿತ ಸಂತೆಗೆ ತಟ್ಟುವುದು ಹೇಗೆ

2025ರ ಕಾಯ್ದೆಯ ಸುದ್ದಿ ಓದಿದ ಅನೇಕರು ಇದು ಸ್ನ್ಯಾಪ್‌ನ ವಿಷಯ, ಸಂತೆಯ ದುಪ್ಪಟ್ಟು ಬೇರೆ ಎಂದುಕೊಂಡರು. ಬೇರೆ ಅಲ್ಲ. ಪೆಟ್ಟು ಎರಡು ದಾರಿಯಿಂದ ಬರುತ್ತದೆ.

ಮೊದಲನೆಯದು ನೇರ. ಕೆಲಸ ಮಾಡಿದರೆ ಮಾತ್ರ ನೆರವು ಎಂಬ ನಿಯಮ ಮೊದಲು 54 ವರ್ಷದವರೆಗಿನ, ಮಕ್ಕಳಿಲ್ಲದ ವಯಸ್ಕರಿಗೆ ಇತ್ತು. ಈಗ 64 ವರ್ಷದವರೆಗೂ ಬಂದಿದೆ. ಮಗುವಿಗೆ 14 ವರ್ಷ ತುಂಬಿದ ತಂದೆ-ತಾಯಿಗೂ ಬಂದಿದೆ. ತಿಂಗಳಿಗೆ 80 ಗಂಟೆ ದುಡಿದದ್ದನ್ನು ಕಾಗದದಲ್ಲಿ ತೋರಿಸಬೇಕು. ಇದರಿಂದ ತಿಂಗಳಿಗೆ ಸರಾಸರಿ ಸುಮಾರು 24 ಲಕ್ಷ ಜನ ಯೋಜನೆಯಿಂದ ಹೊರಗೆ ಬೀಳಬಹುದು ಎಂಬುದು ಬಜೆಟ್ ಕಚೇರಿಯ ಅಂದಾಜು. ಕಾರ್ಡ್ ಹೋದವರಿಗೆ ಸಂತೆಯ ದುಪ್ಪಟ್ಟೂ ಹೋಯಿತು. ಗಸ್‌ನಿಪ್‌ನ ಒಂದು ಡಾಲರನ್ನೂ ಮುಟ್ಟದೆ ಅದರ ಫಲವನ್ನು ಕುಗ್ಗಿಸಿದಂತಾಯಿತು. ಅಡುಗೆ, ಪೌಷ್ಟಿಕತೆ ಕಲಿಸುತ್ತಿದ್ದ ಸ್ನ್ಯಾಪ್-ಎಡ್ ಯೋಜನೆಗೂ 2025ರ ಸೆಪ್ಟೆಂಬರ್‌ನಲ್ಲಿ ಹಣ ನಿಂತಿತು. ಸಂತೆಯಲ್ಲಿ ಇಂಥ ಸೌಲಭ್ಯ ಇದೆ ಎಂದು ಮನೆಮನೆಗೆ ತಿಳಿಸುತ್ತಿದ್ದವರಲ್ಲಿ ಆ ಸಿಬ್ಬಂದಿಯೂ ಇದ್ದರು.

ಎರಡನೆಯದು ಸುತ್ತಿ ಬಳಸಿ ಬರುತ್ತದೆ, ಆದರೆ ಆಳವಾಗಿ ಕುಯ್ಯುತ್ತದೆ. ಈವರೆಗೆ ಸ್ನ್ಯಾಪ್ ನೆರವಿನ ಪೂರ್ತಿ ಹಣ ಫೆಡರಲ್ ಸರ್ಕಾರದ್ದು. ರಾಜ್ಯಗಳು ಆಡಳಿತ ವೆಚ್ಚದ ಅರ್ಧ ಭರಿಸುತ್ತಿದ್ದವು. 2026ರ ಅಕ್ಟೋಬರ್‌ನಿಂದ ಆ ಅರ್ಧ ಮುಕ್ಕಾಲಾಗುತ್ತದೆ. 2027ರ ಅಕ್ಟೋಬರ್‌ನಿಂದ ನೆರವಿನ ಹಣದಲ್ಲೂ ರಾಜ್ಯಗಳು ಪಾಲು ಕೊಡಬೇಕು. ಎಷ್ಟು ಎಂಬುದು ಆ ರಾಜ್ಯದ ತಪ್ಪು ಪಾವತಿಯ ಪ್ರಮಾಣದ ಮೇಲೆ. ಜಾಸ್ತಿ ಕೊಟ್ಟದ್ದೂ ತಪ್ಪು, ಕಡಿಮೆ ಕೊಟ್ಟದ್ದೂ ತಪ್ಪು. ಶೇ 6ಕ್ಕಿಂತ ಕಡಿಮೆ ತಪ್ಪಿದ್ದರೆ ಏನೂ ಕೊಡಬೇಕಿಲ್ಲ. ಅದಕ್ಕಿಂತ ಮೇಲೆ ಹೋದಂತೆ ಶೇ 5, ಶೇ 10, ಕೊನೆಗೆ ಶೇ 15. 2024ರಲ್ಲಿ ಇಡೀ ದೇಶದ ಸರಾಸರಿ ತಪ್ಪು ಶೇ 10.93. ಅಂದರೆ ಸರಾಸರಿ ರಾಜ್ಯವೊಂದು ಗರಿಷ್ಠ ದಂಡದ ಸಾಲಿನಲ್ಲೇ ನಿಂತಿದೆ. ತಪ್ಪಿನ ಪ್ರಮಾಣ ಮಿತಿಮೀರಿದ ರಾಜ್ಯಗಳಿಗೆ ಇದರಿಂದ ಇನ್ನೆರಡು ವರ್ಷ ಬಿಡುವು ಸಿಗಬಹುದು ಎಂಬುದು ಈ ಕಾಯ್ದೆಯ ವಿಚಿತ್ರಗಳಲ್ಲಿ ಒಂದು.

ಇದರ ಪರ ವಾದಿಸುವವರು, ಸ್ವಂತ ದುಡ್ಡು ಹೋದರೆ ಮಾತ್ರ ರಾಜ್ಯಗಳು ಲೆಕ್ಕವನ್ನು ಬಿಗಿ ಮಾಡುತ್ತವೆ ಎನ್ನುತ್ತಾರೆ. ಒಪ್ಪೋಣ. ಆದರೆ ಬಿಗಿ ಮಾಡುವ ಮೊದಲು ರಾಜ್ಯಗಳು ಕೋಟಿಗಟ್ಟಲೆ ಡಾಲರ್ ಎಲ್ಲಿಂದ ತರುವುದು ಎಂದು ಹುಡುಕಬೇಕು. ಅಮೆರಿಕದ ಬಹುತೇಕ ರಾಜ್ಯಗಳು ಕೊರತೆ ಬಜೆಟ್ ಮಂಡಿಸುವಂತಿಲ್ಲ. ಹೊಸ ಹೊರೆ ಬಂದರೆ ಯಾವುದನ್ನಾದರೂ ಕಡಿಯಲೇಬೇಕು. ಕಡಿಯಲು ಸುಲಭವಾಗಿ ಕೈಗೆ ಸಿಗುವುದು ಕಾನೂನಿನ ಕಟ್ಟುಪಾಡಿಲ್ಲದ ಸಣ್ಣ ಬಾಬತ್ತುಗಳು. ಸಂತೆಯ ದುಪ್ಪಟ್ಟಿಗೆ ರಾಜ್ಯ ಕೊಡುವ ಪಾಲು ಅಂಥದ್ದೇ ಒಂದು.

ಮೊದಲೇ ಹೇಳಿದ ಷರತ್ತು ಕಚ್ಚುವುದು ಈಗ. ರಾಜ್ಯ ತನ್ನ 50 ಲಕ್ಷ ಡಾಲರ್ ಹಿಂದೆಗೆದುಕೊಂಡರೆ ಅದಕ್ಕೆ ಜೋಡಿಯಾಗಿ ಬರಬೇಕಿದ್ದ ಗಸ್‌ನಿಪ್‌ನ 50 ಲಕ್ಷವೂ ಬರುವುದಿಲ್ಲ. ವಾಷಿಂಗ್ಟನ್‌ನಲ್ಲಿ ಹಣ ಇರುತ್ತದೆ, ಯೋಜನೆಯ ಹೆಸರೂ ಇರುತ್ತದೆ, ಪಡೆಯಲು ಸರಿಸಮ ಹಣ ಹಾಕುವವರು ಇರುವುದಿಲ್ಲ. ದಾನಿಗಳು ಆ ಜಾಗ ತುಂಬಬಹುದು ಎಂಬ ಆಸೆ ಕೆಲವರಿಗಿದೆ. ಆದರೆ ಅದೇ ದಾನಿಗಳ ಬಾಗಿಲಿಗೆ ಆ ಹೊತ್ತಿಗೆ ಫುಡ್ ಬ್ಯಾಂಕ್‌ಗಳೂ ಬಂದು ನಿಂತಿರುತ್ತವೆ. ಹಾಗಾಗಿ ಇನ್ನು ಮುಂದೆ ಈ ಯೋಜನೆಯ ಭವಿಷ್ಯ ತಿಳಿಯಲು ಗಸ್‌ನಿಪ್‌ಗೆ ಎಷ್ಟು ಹಣ ಇಟ್ಟರು ಎಂದು ಮಾತ್ರ ನೋಡಿದರೆ ಸಾಲದು. 2027-28ರ ರಾಜ್ಯ ಬಜೆಟ್‌ಗಳಲ್ಲಿ ಸ್ನ್ಯಾಪ್‌ನ ಹೊಸ ಪಾಲನ್ನು ಯಾವ ಬಾಬತ್ತಿನಿಂದ ಕಿತ್ತು ತುಂಬಿದ್ದಾರೆ ಎಂಬುದನ್ನೂ ನೋಡಬೇಕು.